ಪಳಗಿದರೆ ಸರಿಯಾಗೋದು, ಪಳಗಿದರೂ ಸರಿಯಾಗದ್ದು

ಹೊಸ ಕಬ್ಬಿಣದ ಕಾವಲಿ ಮೊದಲ ದಿನವೇ ದೋಸೆ ಬಿಟ್ಟುಕೊಡ್ತದಾ? ಇಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ನಾಲ್ಕು ದೋಸೆ ಹರಿದು ದನಕ್ಕೆ ಹಾಕಿದ ಮೇಲೆ ಐದನೆಯದು ನೆಟ್ಟಗೆ ಏಳ್ತದೆ. ಹೊಸ ಒರಳಲ್ಲಿ ರುಬ್ಬಿದ ಮೊದಲ ಹಿಟ್ಟನ್ನು ಕಲ್ಲುಪುಡಿ ಇರ್ತದೆ ಅಂತ ಚೆಲ್ತೇವೆ. ಇದನ್ನೆಲ್ಲ ಯಾರೂ ದೋಷ ಅನ್ನೋದಿಲ್ಲ, ಪಳಗಿಸೋದು ಅಂತೇವೆ. ಈ ಸಲ ಬರೀಲಿಕ್ಕೆ ಹೊರಟದ್ದೂ ಪಳಗಿಸೋ ಕಥೆಯೇ, ಆದರೆ ಅಡುಗೆಮನೆದ್ದಲ್ಲ, ಕೋವಿದು. ಮುಖ ಸಿಂಡರಿಸ್ಬೇಡಿ ಅತ್ತಿಗೆ! ನಮ್ಮ ಕಡೆ ಹಂದಿ, ಮಂಗನ ಕಾಟಕ್ಕೆ ಅಂತ ಎಷ್ಟೋ ತೋಟದ ಮನೆಗಳಲ್ಲಿ ಲೈಸೆನ್ಸಿನ ಕೋವಿ ಇರ್ತದೆ. ಎಲೆಕ್ಷನ್ ಬಂದ್ರೆ ಠಾಣೆಗೆ ಹೋಗಿ ಕೂತು ಬರ್ತದೆ. ಅದರ ಚರಿತ್ರೆ ಗಂಡಸರ ಜಗಲಿಗೆ ಮಾತ್ರ ಯಾಕೆ?

ನಾವು ನೋಡಿದ್ದೆಲ್ಲ ಒಂಟಿ ನಳಿಗೆ, ಇಲ್ಲಾಂದ್ರೆ ಜೋಡಿ ನಳಿಗೆ. ಮಡಚಿ, ತೋಟಾ ಹಾಕಿ, ಮುಚ್ಚಿದರೆ ಆಯ್ತು. ಸೆಮಿ ಆಟೋಮ್ಯಾಟಿಕ್ ಹಂಗಲ್ಲ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಈಡು ಹೋಗ್ತದೆ, ಆದರೆ ಖಾಲಿ ತೋಟಾ ತಾನೇ ಹೊರಗೆ ಹಾರಿ ಮುಂದಿನದು ತಾನೇ ಒಳಗೆ ಬಂದು ಕೂರ್ತದೆ. ಇಷ್ಟು ಕೆಲಸಕ್ಕೆ ಬಲ ಎಲ್ಲಿಂದ? ಆ ಈಡಿನಿಂದಲೇ. ಬಲ ಸಾಲದೆ ಹೋದ್ರೆ ಖಾಲಿ ತೋಟಾ ಅರ್ಧದಲ್ಲಿ ಸಿಕ್ಕಿಹಾಕಿಕೊಳ್ತದೆ. ಹೊಸ ಕೋವಿ ನಂಬಿಕೆಗೆ ಅರ್ಹವೋ ಅಲ್ಲವೋ ಅನ್ನೋ ಜಗಳವೆಲ್ಲ ಶುರುವಾಗೋದು ಇಲ್ಲೇ.

ಇಂಥ ಕೋವಿಯನ್ನ ಮೊದಲು ಗೆಲ್ಲಿಸಿದವನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. ಯೂಟಾ ಪ್ರಾಂತ್ಯದ ಆಗ್ಡೆನ್ ಊರಲ್ಲಿ 1855ರಲ್ಲಿ ಹುಟ್ಟಿದವನು, ಅಪ್ಪನೂ ಕೋವಿ ಮಾಡುವವನೇ. 1898ರ ಹೊತ್ತಿಗೆ ಮಾದರಿ ತಯಾರು ಮಾಡಿದ, 1900ರಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟು ವರ್ಷ ಅವನ ಕೋವಿಗಳನ್ನ ಇಡಿಯಾಗಿ ಕೊಂಡುಕೊಳ್ತಿದ್ದ ವಿಂಚೆಸ್ಟರ್ ಕಂಪನಿ ಈ ಸಲ ತಗೊಳ್ಳಲಿಲ್ಲ, ಎಂತಕ್ಕಂದ್ರೆ ಒಂದೊಂದು ಕೋವಿ ಮಾರಿದಾಗಲೂ ತನಗೆ ಪಾಲು ಬೇಕು ಅಂತ ಬ್ರೌನಿಂಗ್ ಪಟ್ಟು ಹಿಡಿದ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿಗೆ ಹೋದರೆ, ಅದೇ ಹೊತ್ತಿಗೆ ಅಲ್ಲಿನ ಅಧ್ಯಕ್ಷ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ. ಕಡೆಗೆ ಹಡಗು ಹತ್ತಿ ಬೆಲ್ಜಿಯಂ ದೇಶದ ಹೆರ್ಸ್ಟಾಲ್‌ಗೆ ಹೋಗಿ, ಎಫ್‌ಎನ್ ಕಾರ್ಖಾನೆಯಲ್ಲಿ ಮಾಡಿಸಿದ. ಆ ಕೋವಿಗೆ ಮುಂದೆ ಆಟೋ-5 ಅಂತ ಹೆಸರಾಯ್ತು. 1998ರ ತನಕ ಬಾಳಿತು ಅಂದ್ರೆ ನೋಡಿ!

ಅದರ ಒಳಗುಟ್ಟು ಕೇಳಿ. ಈಡು ಹೊಡೆದ ಕೂಡಲೇ ನಳಿಗೆಯೇ ಇಡಿಯಾಗಿ ಹಿಂದಕ್ಕೆ ಜಾರ್ತದೆ. ಅದನ್ನ ತಡೆದು ವಾಪಸ್ ತಳ್ಳಲಿಕ್ಕೆ ಒಂದು ದೊಡ್ಡ ಸ್ಪ್ರಿಂಗು. ಜೊತೆಗೆ ಬ್ರೇಕಿನ ಹಾಗೆ ಒಂದು ಕಂಚಿನ ತುಂಡು, ಒಂದು ಉಕ್ಕಿನ ಬಳೆ. ಭಾರದ ತೋಟಾ ಹಾಕೋದಾದ್ರೆ ಬಳೆಯನ್ನ ಸ್ಪ್ರಿಂಗಿನ ತಲೆಗೆ, ಕಂಚಿನ ತುಂಡಿಗೆ ತಾಗಿಸಿ ಇಡಬೇಕು, ಆಗ ಬ್ರೇಕು ಬಿಗಿ. ಹಗುರದ ತೋಟಾಕ್ಕೆ ಬಳೆಯನ್ನ ಸ್ಪ್ರಿಂಗಿನ ಬುಡಕ್ಕೆ ಇಳಿಸಬೇಕು, ಆಗ ಬ್ರೇಕು ಸಡಿಲ. ಬಿಗಿ ಇಟ್ಟು ಹಗುರದ್ದು ಹೊಡೆದರೆ ನಳಿಗೆ ಪೂರ್ತಿ ಹಿಂದೆ ಬರೋದಿಲ್ಲ, ತೋಟಾ ಸಿಕ್ಕಿಬೀಳ್ತದೆ. ಸಡಿಲ ಇಟ್ಟು ಭಾರದ್ದು ಹೊಡೆದರೆ ಏಟು ತಡೀಲಾರದೆ ಮುಂದಿನ ಮರದ ಹಿಡಿ ಸೀಳ್ತದೆ. ಬಳೆ ಎಲ್ಲಿದೆ ಅಂತ ನೋಡದೆ ಕೋವಿಯನ್ನ ಬೈದರೆ ಏನು ಪ್ರಯೋಜನ? ಗ್ಯಾಸ್ಕೆಟ್ ಹಾಕದೆ ಕುಕ್ಕರ್ ಸೀಟಿ ಹೊಡೀಲಿಲ್ಲ ಅಂದ ಹಾಗೆ.

ಇನ್ನು ಹೊಸದರ ಬಿಗಿ. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡೀಬಾರದು ಅಂತ ಮಂದ ಗ್ರೀಸ್ ಮೆತ್ತಿರ್ತಾರೆ. ಸ್ಪ್ರಿಂಗು ಪೂರಾ ಗಟ್ಟಿ, ಒಂದಕ್ಕೊಂದು ಉಜ್ಜೋ ಲೋಹ ಇನ್ನೂ ನಯವಾಗಿರೋದಿಲ್ಲ. ಹಗುರದ ತೋಟಾದ ಬಲವೆಲ್ಲ ಇದನ್ನ ಗೆಲ್ಲೋದ್ರಲ್ಲೇ ಮುಗೀತದೆ. ಅದಕ್ಕೇ ಗ್ರೀಸ್ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಮೊದಲ ಕೆಲವು ಡಬ್ಬಿ ಭಾರದ ತೋಟಾ ಹೊಡೀತಾರೆ. ಡಬ್ಬಿಗೆ 25 ತೋಟಾ ಲೆಕ್ಕ. ಇಟಲಿಯ ಬೆನೆಲ್ಲಿ ಕಂಪನಿ 1967ರಲ್ಲಿ ಶುರುವಾದದ್ದು, ಅವರದ್ದು ಒದೆತದ ಬಲದಿಂದಲೇ ನಡೆಯೋ ಬೇರೆ ಉಪಾಯ. ಆದರೂ ಈ ಪಳಗಿಸೋ ಪದ್ಧತಿ ಅಲ್ಲಿಗೂ ಬಂತು.

ಆದರೆ ಎಲ್ಲದಕ್ಕೂ "ಹೊಸದು, ಸರಿ ಹೋಗ್ತದೆ" ಅನ್ನಬಾರದು. ಕೈಬಿಟ್ಟ ವಿಂಚೆಸ್ಟರ್ ಕಂಪನಿ 1911ರಲ್ಲಿ ತನ್ನದೇ ಕೋವಿ ಮಾಡಿತು. ಬ್ರೌನಿಂಗ್ ಪೇಟೆಂಟಿಗೆ ತಾಗಬಾರದು ಅಂತ ಪಕ್ಕದಲ್ಲಿ ಎಳೆಯೋ ಹಿಡಿಕೆಯನ್ನೇ ಬಿಟ್ಟರು. ಬದಲಿಗೆ ನಳಿಗೆಯನ್ನೇ ಹಿಡಿದು ಹಿಂದಕ್ಕೆ ಜಗ್ಗಬೇಕು, ಕೈಗೆ ಜಾರಬಾರದು ಅಂತ ನಳಿಗೆ ಮೇಲೆ ಗೀರು ಹಾಕಿದ್ರು. ಆಗಿನ ತೋಟಾ ಕಾಗದದ್ದು, ನೀರು ತಾಗಿದ್ರೆ ಉಬ್ಬಿ ಒಳಗೇ ಕಚ್ಚಿಕೊಳ್ತಿತ್ತು. ಬಿಡಿಸಲಿಕ್ಕೆ ಜನ ಕೋವಿಯ ಬುಡವನ್ನ ನೆಲಕ್ಕೂರಿ, ನಳಿಗೆಯ ಬಾಯಿ ತಮ್ಮ ಕಡೆಗೇ ಇಟ್ಟು ಕೆಳಗೆ ಒತ್ತುತ್ತಿದ್ರು. ತುಂಬಿದ ಕೋವಿ ಮಾರಾಯ್ತಿ! ಈಡು ಹಾರಿ ಪ್ರಾಣ ಹೋಯ್ತು. ಹೆಂಡ್ತಿಯನ್ನ ವಿಧವೆ ಮಾಡೋ ಕೋವಿ ಅಂತಲೇ ಅದಕ್ಕೆ ಅಡ್ಡಹೆಸರು ಬಿತ್ತು. ಏಟು ತಡೆಯಲಿಕ್ಕೆ ಒಳಗಿಟ್ಟ ನಾರಿನ ಬಿಲ್ಲೆಗಳೂ ಬಳಸಿದ ಹಾಗೆ ಸವೆದು ಹಿಂದಿನ ಮರದ ಹಿಡಿ ಒಡೀತಿತ್ತು. ಸುಮಾರು 83 ಸಾವಿರ ಕೋವಿ ಮಾಡಿ, 1925ಕ್ಕೆ ನಿಲ್ಲಿಸಿದ್ರು.

ಕಾವಲಿ ಬಳಸಿದಷ್ಟೂ ಪಳಗ್ತದೆ, ಇದು ಬಳಸಿದಷ್ಟೂ ಕೆಟ್ಟಿತು. ಹಾಗಾಗಿ ಹೊಸತು ತಕರಾರು ಮಾಡಿದಾಗ ಮೂರು ಪ್ರಶ್ನೆ ಕೇಳಬೇಕು. ಬರೇ ಹೊಸತನದ ಬಿಗಿಯಾ? ಬಳಸ್ತಾ ಬಿಡ್ತದೆ. ಬಳೆ ಇಡೋ ಜಾಗ ತಪ್ಪಿದೆಯಾ? ಸರಿ ಮಾಡಿದ್ರೆ ಆಯ್ತು. ಅಲ್ಲ, ಮಾಡಿದ್ದೇ ತಪ್ಪಾ? ಹಾಗಾದ್ರೆ ಎಷ್ಟು ದಿನ ತಾಳಿಕೊಂಡರೂ ಪ್ರಯೋಜನ ಇಲ್ಲ, ದೂರ ಇಡೋದೇ ಸೈ. ಹೊಸ ಸೊಸೆಯಂದಿರಿಗೆ "ಸ್ವಲ್ಪ ದಿನ ಹೊಂದ್ಕೋ, ಸರಿ ಹೋಗ್ತದೆ" ಅಂತ ಹೇಳೋದೂ ನಾವೇ ತಾನೆ. ಹೇಳೋ ಮುಂಚೆ ಈ ಮೂರರಲ್ಲಿ ಯಾವುದು ಅಂತ ಒಮ್ಮೆ ನೋಡಿ ಹೇಳುವ.