ಒಡ್ಡಿನ ಮೇಲೆ ನಡೆಯುವಾಗ

ಕುಮಟಾ ಸೀಮೆಗೆ ಚರಿತ್ರೆ ನೋಡಲು ಬಂದವರನ್ನು ಎಲ್ಲರೂ ಮೊದಲು ಮಿರ್ಜಾನ ಕೋಟೆಗೆ ಕರೆದುಕೊಂಡು ಹೋಗುತ್ತಾರೆ. ಹೋಗಬೇಕಾದ ಜಾಗವೇ. ಚಿರೇಕಲ್ಲಿನ ಗೋಡೆ, ಸುತ್ತಲಿನ ಕಂದಕ, ಮಳೆಗಾಲದಲ್ಲಿ ಕಲ್ಲನ್ನೆಲ್ಲ ಮುಚ್ಚುವ ಹಸಿರು. ಜೊತೆಗೆ ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಹೆಸರು. ಆದರೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಒಂದು ದಿನ ಸುತ್ತಲು ದಾರಿ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಬೇರೆಯದು. ಸಾಣಿಕಟ್ಟಾದ ಉಪ್ಪಿನ ಆಗರ, ಅಘನಾಶಿನಿಯ ಅಂಚಿನ ಗಜನಿ ಗದ್ದೆ, ತದಡಿಯ ಅಳಿವೆ, ಕೊನೆಗೆ ಬೇಲೆಕಾನದ ಕಡೆಯ ಸಮುದ್ರದ ಬಂಡೆಗಳು. ದೊಡ್ಡ ಏರು ಇಲ್ಲ. ನಡುನಡುವೆ ಬಸ್ಸನ್ನೋ ರಿಕ್ಷಾವನ್ನೋ ಹಿಡಿಯಬಹುದು. ಚರಿತ್ರೆಯ ಫಲಕವಂತೂ ಈ ದಾರಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹಾಗಿದ್ದೂ ಇದು ಕೋಟೆಗಿಂತ ಕಡಿಮೆ ಚರಿತ್ರೆಯ ದಾರಿಯಲ್ಲ ಎಂಬುದು ನನ್ನ ವಾದ.

ಅಘನಾಶಿನಿ ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ನದಿ. ಇದಕ್ಕೆ ಅಣೆಕಟ್ಟೆ ಇಲ್ಲ. ಘಟ್ಟದ ಹೂಳು ತಡೆಯಿಲ್ಲದೆ ಕೆಳಗೆ ಬರುತ್ತದೆ. ಕಡಲಿನ ಉಬ್ಬರ ದಿನಕ್ಕೆ ಎರಡು ಸಲ ಮೇಲೆ ಹತ್ತುತ್ತದೆ. ಈ ಎರಡೂ ಸಂಧಿಸುವಲ್ಲಿ ಹರಡಿರುವ ತಗ್ಗು ನೆಲವೇ ಗಜನಿ. ಗೋವಾದಲ್ಲಿ ಇಂಥದೇ ನೆಲಕ್ಕೆ ಖಜಾನ್ ಎನ್ನುತ್ತಾರೆ. ಕೇರಳದಲ್ಲಿ ಕಣ್ಣೂರಿನ ಕೈಪಾಡ್, ಕೊಚ್ಚಿಯ ಆಸುಪಾಸಿನ ಪೊಕ್ಕಾಳಿ ಗದ್ದೆಗಳು ಇದರ ಸೋದರರು. ಪಶ್ಚಿಮ ಕರಾವಳಿಯುದ್ದಕ್ಕೂ ಒಂದೇ ಬುದ್ಧಿ, ಊರೂರಿಗೆ ಒಂದೊಂದು ಹೆಸರು.

ಗಜನಿಯಲ್ಲಿ ಬೆಳೆಯುವ ಭತ್ತ ಕಗ್ಗ. ಸಾಹಿತ್ಯದ ಓದುಗರಿಗೆ ಕಗ್ಗ ಎಂದರೆ ಡಿ.ವಿ.ಜಿ.ಯವರ ಮಂಕುತಿಮ್ಮ ನೆನಪಾಗುವುದು ಸಹಜ. ಇಲ್ಲಿಯ ಕಗ್ಗ ಮಾತ್ರ ಉಪ್ಪುನೀರನ್ನು ತಾಳಿಕೊಳ್ಳುವ, ಎತ್ತರಕ್ಕೆ ಬೆಳೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುವ ಒಂದು ತಳಿ. ಅಕ್ಕಿ ಕೆಂಪು. ಬೇಸಿಗೆಯಲ್ಲಿ ನೆಲ ಒಣಗಿಸಿ, ಮಣ್ಣನ್ನು ಸಡಿಲಗೊಳಿಸಿ ಇಡುತ್ತಾರೆ. ಜೂನ್ ತಿಂಗಳ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದುಕೊಂಡು ಹೋಗುತ್ತವೆ. ಆಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರ ಹಾಕುವುದಿಲ್ಲ, ನದಿಯ ಹೂಳೇ ಗೊಬ್ಬರ.

ಇದೆಲ್ಲ ನಡೆಯುವುದು ಒಂದು ಒಡ್ಡು ಮತ್ತು ಅದರೊಳಗಿನ ಮರದ ಹಲಗೆಯ ಬಾಗಿಲಿನ ಬಲದಿಂದ. ಮಳೆಗಾಲದಲ್ಲಿ ಉಬ್ಬರ ಏರುವಾಗ ಬಾಗಿಲು ಮುಚ್ಚಿರಬೇಕು, ಉಪ್ಪುನೀರು ಒಳಗೆ ಬರಬಾರದು. ಇಳಿತದಲ್ಲಿ ತೆರೆದಿರಬೇಕು, ಗದ್ದೆಯಲ್ಲಿ ತುಂಬಿದ ಮಳೆನೀರು ಹೊರಗೆ ಹೋಗಬೇಕು. ಕೊಯ್ಲು ಮುಗಿದ ಮೇಲೆ ಲೆಕ್ಕ ತಿರುವುಮುರುವು. ಆಗ ಉಬ್ಬರದ ನೀರನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ಅದರ ಜೊತೆ ಮೀನಿನ ಮರಿ, ಏಡಿ, ಇಲ್ಲಿಯವರ ಬಾಯಲ್ಲಿ ಶೆಟ್ಲಿ ಎನಿಸಿಕೊಳ್ಳುವ ಸಿಗಡಿ ಒಳಗೆ ಬಂದು ಕೊಳೆತ ಕೂಳೆಯ ನಡುವೆ ಮೇಯುತ್ತವೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಮೀನಿನ ಬೆಳೆ. ಅವು ಬಿಟ್ಟುಹೋದದ್ದು ಮುಂದಿನ ಭತ್ತಕ್ಕೆ ಸಾರ. ಒಂದೇ ನೆಲ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಮೀನಿನ ಹೊಂಡ.

ಒಡ್ಡಿನ ಮೇಲೆ ನಿಂತು ಈ ಲೆಕ್ಕವನ್ನು ಮಕ್ಕಳಿಗೆ ವಿವರಿಸುವಾಗ ಅವರು ಕೇಳುವ ಮೊದಲ ಪ್ರಶ್ನೆ: ಇದನ್ನು ಕಟ್ಟಿದ್ದು ಯಾರು? ಕೋಟೆಗೆ ಸಲ್ಲುವಂಥ ಉತ್ತರ ಇದಕ್ಕಿಲ್ಲ. ಕೋಟೆಯನ್ನು ಒಬ್ಬರು ಕಟ್ಟಿಸಿದರು ಎನ್ನಬಹುದು. ಮಣ್ಣಿನ ಒಡ್ಡನ್ನು ಒಮ್ಮೆ ಕಟ್ಟಿ ಮುಗಿಸಲು ಬರುವುದಿಲ್ಲ. ಏಡಿ ಕೊರೆಯುತ್ತದೆ, ಅಲೆ ಕಚ್ಚುತ್ತದೆ, ನೆರೆ ಒಡೆಯುತ್ತದೆ. ವರ್ಷವರ್ಷವೂ ಕೆಸರು ಎತ್ತಿ ಹಾಕಬೇಕು. ಒಡ್ಡು ಕುಸಿಯದಂತೆ ಅದರ ಅಂಚಿನಲ್ಲಿ ಕಾಂಡ್ಲಾ ಗಿಡಗಳು ಬೇಕು. ಒಬ್ಬನ ಗದ್ದೆಯ ಎದುರು ಒಡ್ಡು ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಹೀಗಾಗಿ ಗಜನಿಯ ಬೇಸಾಯ ಊರೊಟ್ಟಿನ ಬೇಸಾಯ. ಬಾಗಿಲು ತೆರೆಯುವ ದಿನ, ಒಡ್ಡಿಗೆ ಮಣ್ಣು ಹಾಕುವ ಆಳು, ಮೀನಿನ ಪಾಲು ಎಲ್ಲವನ್ನೂ ಮಾತನಾಡಿಯೇ ನಿರ್ಧರಿಸಬೇಕು. ಒಮ್ಮೆ ಒಡ್ಡಿನ ಮೇಲೆ ಸಿಕ್ಕ ಹಿರಿಯರೊಬ್ಬರು ನನಗೆ ಹೇಳಿದ ಮಾತು ಇಷ್ಟೇ: "ತಮಾ, ಗದ್ದೆಗೆ ಯಜಮಾನ ಇರ್ತಾನೆ, ಒಡ್ಡಿಗೆ ಊರೇ ಇರಬೇಕು."

ಇದೇ ಒಡ್ಡಿನ ವಿದ್ಯೆ ಸಾಣಿಕಟ್ಟಾದ ಆಗರಗಳಲ್ಲಿ ಇನ್ನೊಂದು ರೂಪದಲ್ಲಿದೆ. ಗದ್ದೆಯಲ್ಲಿ ಉಪ್ಪನ್ನು ಹೊರಗಿಡಲು ಒಡ್ಡು. ಆಗರದಲ್ಲಿ ಉಪ್ಪನ್ನು ಹಿಡಿದಿಡಲು. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಬತ್ತಿಸಿ ಬೇಸಿಗೆಯ ತಿಂಗಳುಗಳಲ್ಲಿ ಉಪ್ಪು ಎಳೆಯುತ್ತಾರೆ. ಬಿಸಿಲಲ್ಲಿ ಬಿಳಿ ಗುಪ್ಪೆಗಳು ಸಾಲಾಗಿ ನಿಂತಿರುವುದನ್ನು ಕಂಡರೆ ಮಕ್ಕಳಿಗೆ ಮೊದಲು ಹಿಮದ ಚಿತ್ರಗಳು ನೆನಪಾಗುತ್ತವೆ.

ಆದರೆ ಈ ಉಪ್ಪಿನ ಮೇಲೆ ಆಳುವವರ ಕಣ್ಣು ಯಾವಾಗಲೂ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಕಂಪನಿ ಸರ್ಕಾರದ ಕೈಗೆ ಬಂತು, ಮದರಾಸು ಪ್ರಾಂತಕ್ಕೆ ಸೇರಿತು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ಕರಾವಳಿಯನ್ನು ಸುತ್ತಿ ಬೆಳೆ, ಕಂದಾಯ, ಜನಜೀವನಗಳ ವಿವರ ಬರೆದುಕೊಂಡ. ಅದು 1807ರಲ್ಲಿ ಪುಸ್ತಕವಾಯಿತು. ಮುಂದೆ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಒತ್ತಾಯದ ನಡುವೆ ಜಿಲ್ಲೆ ಇಬ್ಭಾಗವಾಗಿ, 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. ಅಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಊರುಗಳ ಕಾನೂನು ಬಂದದ್ದು ಮುಂಬಯಿಯಿಂದ. ಉಪ್ಪಿನ ತೆರಿಗೆಯ ಕಾನೂನೂ ಅಲ್ಲಿಯದೇ: 1890ರ ಮುಂಬಯಿ ಉಪ್ಪಿನ ಕಾಯ್ದೆ. ಮನೆ ಮುಂದಿನ ಕಡಲಿನ ನೀರನ್ನು ಒಲೆಯ ಮೇಲೆ ಕಾಯಿಸಿ ಒಂದು ಹಿಡಿ ಉಪ್ಪು ತೆಗೆದರೂ ಅಪರಾಧ.

1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅಂಕೋಲೆಯಲ್ಲೇ ಏಕೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ನಾಯಕರ ಹೆಸರು ಹೇಳುತ್ತವೆ. ಆಗರದ ಪಕ್ಕದ ಒಡ್ಡಿನ ಮೇಲೆ ನಡೆದವರಿಗೆ ಇನ್ನೊಂದು ಉತ್ತರವೂ ಹೊಳೆಯುತ್ತದೆ. ಉಬ್ಬರದ ನೀರಿನೊಂದಿಗೆ ದಿನನಿತ್ಯ ವ್ಯವಹರಿಸುವ ಜನರಿಗೆ ಉಪ್ಪಿನ ಕಾನೂನಿನ ಅನ್ಯಾಯವನ್ನು ಭಾಷಣದಲ್ಲಿ ವಿವರಿಸಬೇಕಾಗಿರಲಿಲ್ಲ. ಒಟ್ಟಾಗಿ ಒಡ್ಡು ಕಟ್ಟಿ ಅಭ್ಯಾಸವಿದ್ದವರಿಗೆ ಒಟ್ಟಾಗಿ ನಿಲ್ಲುವುದೂ ಹೊಸತಾಗಿರಲಿಲ್ಲ. ಅದರ ಬೆನ್ನಿಗೇ ಬಂದ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕೊಡದೆ ಜಮೀನು, ಮನೆ, ದನಕರು ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಗದ್ದೆಯನ್ನೇ ಪಣಕ್ಕಿಟ್ಟವರು ಅದನ್ನು ಕಡಲಿನಿಂದ ಬಿಡಿಸಿಕೊಳ್ಳಲು ಎಷ್ಟು ತಲೆಮಾರು ದುಡಿದಿದ್ದರು ಎಂಬುದನ್ನು ನೆನೆದರೆ ಆ ತ್ಯಾಗದ ತೂಕ ಇನ್ನಷ್ಟು ತಿಳಿಯುತ್ತದೆ.

ಸ್ವಾತಂತ್ರ್ಯದ ಮೇಲೆ ಒಡ್ಡಿನ ಕಥೆ ಬೇರೆ ತಿರುವು ಪಡೆಯಿತು. ದಿನಕರ ದೇಸಾಯಿಯವರಂಥವರು ಕಟ್ಟಿದ ರೈತ ಚಳವಳಿ, ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ, ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿದವು. ಇದು ಕರಾವಳಿಯ ಚರಿತ್ರೆಯ ದೊಡ್ಡ ನ್ಯಾಯ. ಆದರೆ ಭೂಮಿಯನ್ನು ಹಂಚಿದಂತೆ ಒಡ್ಡನ್ನು ಹಂಚಲು ಬರುವುದಿಲ್ಲ. ಅದರ ಹೊಣೆ ನಿಧಾನವಾಗಿ ಊರಿನಿಂದ ಸರ್ಕಾರಕ್ಕೆ ಸರಿಯಿತು. ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ಒಡ್ಡುಗಳು ಬಂದವು. ವರ್ಷವರ್ಷ ಕೆಸರು ಎತ್ತುವ ಕಷ್ಟ ತಪ್ಪಿತು. ಅದರೊಂದಿಗೆ ಆ ನೆಪದಲ್ಲಿ ಎಲ್ಲರೂ ಸೇರುವುದೂ ಕಡಿಮೆಯಾಯಿತು. ಕಲ್ಲಿನ ಒಡ್ಡು ಒಡೆದರೆ ಬುಟ್ಟಿ ಹಿಡಿದು ಹೊರಡುವಂತಿಲ್ಲ, ಅರ್ಜಿ ಹಿಡಿದು ಹೊರಡಬೇಕು.

ಆಮೇಲೆ ಸಿಗಡಿಯ ಕಾಲ. ರಫ್ತಿನ ಬೆಲೆ ಏರಿದಂತೆ ಭತ್ತಕ್ಕಿಂತ ಸಿಗಡಿಯೇ ಲಾಭ ಎನಿಸಿ, ಮಳೆಗಾಲದಲ್ಲೂ ಉಪ್ಪುನೀರು ಒಳಗೇ ಉಳಿದ ಗಜನಿಗಳು ಹೆಚ್ಚಿದವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಭಾರತದ ಕರಾವಳಿಯ ಸಿಗಡಿ ಹೊಂಡಗಳನ್ನು ಕಂಗೆಡಿಸಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಎಸ್. ಜಗನ್ನಾಥನ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಕ್ರಮಗಳನ್ನು ಬಿಟ್ಟು ಉಳಿದ ಸಿಗಡಿ ಉದ್ಯಮಕ್ಕೆ ತಡೆ ಹಾಕಿತು. ಅಂದರೆ ಭತ್ತ ಮತ್ತು ಮೀನನ್ನು ಸರದಿಯಲ್ಲಿ ಬೆಳೆಯುವ ಹಳೆಯ ಕ್ರಮಗಳಿಗೆ ನ್ಯಾಯಾಲಯದಲ್ಲಿ ಒಂದು ಜಾಗ ಸಿಕ್ಕಿತು. ಆದರೆ ಅಷ್ಟರಲ್ಲಿ ಬಹಳ ಗಜನಿಗಳಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ. ತದಡಿಯಲ್ಲಿ ದೊಡ್ಡ ಬಂದರು, ಉಷ್ಣವಿದ್ಯುತ್ ಸ್ಥಾವರ ಎಂಬ ಯೋಜನೆಗಳು ಬಂದಾಗ ಜನ ವಿರೋಧಿಸಿದರು; ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ತದಡಿಯಲ್ಲಿ ನಿಂತು ನೋಡಿದರೆ ಈ ಮಹತ್ವದ ಅರ್ಥ ಕಣ್ಣೆದುರೇ ಇದೆ. ಇಳಿತದಲ್ಲಿ ನದಿಯ ನಡುವೆ ದಿಬ್ಬಗಳು ತೇಲುತ್ತವೆ. ಜನ ಸೊಂಟದವರೆಗಿನ ನೀರಿನಲ್ಲಿ ಬೆಳಚು ಆರಿಸುತ್ತಾರೆ. ಅಂಚಿನ ಕೆಸರಿನಲ್ಲಿ ಏಡಿ ಬಿಲ ತೋಡುತ್ತದೆ, ಬೆಳ್ಳಕ್ಕಿ ಕಾಯುತ್ತದೆ. ಇಲ್ಲಿಂದ ಬೇಲೆಕಾನದ ಕಡೆ ಹೋದರೆ ನೆಲದ ಸ್ವಭಾವ ಬದಲಾಗುತ್ತದೆ. ಕೆಸರು ಮುಗಿದು ಬಂಡೆ.

ಬಂಡೆಗಳಿಗೆ ಹೋಗಬೇಕಾದದ್ದು ಮಳೆಗಾಲ ಮುಗಿದ ಮೇಲೆ, ಇಳಿತದ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ನೀರು ಹೆಚ್ಚು ಕೆಳಗಿಳಿಯುತ್ತದೆ. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದರಿಂದ ಹೊರಡುವ ಮುನ್ನ ಸ್ಥಳೀಯ ಮೀನುಗಾರರನ್ನು ಕೇಳುವುದು ಒಳ್ಳೆಯದು. ಕಡಲು ಹಿಂದೆ ಸರಿದಾಗ ಬಂಡೆಯ ಗುಳಿಗಳಲ್ಲಿ ನೀರು ನಿಂತು ಚಿಕ್ಕ ಚಿಕ್ಕ ಕೊಳಗಳಾಗುತ್ತವೆ. ಖಾಲಿ ಶಂಖವನ್ನು ಹೊತ್ತು ತಿರುಗುವ ಸನ್ಯಾಸಿ ಏಡಿ, ಬೆರಳಿನ ನೆರಳಿಗೇ ಅಡಗುವ ಸಣ್ಣ ಮೀನು, ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಕಡಲಹೂ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಮುಟ್ಟದೆ ನೋಡಿ, ಮಗುಚಿದ ಕಲ್ಲನ್ನು ಮೊದಲಿನಂತೆಯೇ ಇಡಿ ಎಂದಷ್ಟೇ ಹೇಳಬೇಕು.

ನನ್ನ ಕಣ್ಣು ಹೆಚ್ಚಾಗಿ ಹೋಗುವುದು ಬಂಡೆಯ ಪಕ್ಕೆಯ ಗೆರೆಗಳ ಕಡೆಗೆ. ಎಲ್ಲಕ್ಕಿಂತ ಮೇಲೆ ಒಣ ಕಲ್ಲು, ಅದರ ಕೆಳಗೆ ಪುಟ್ಟ ಬಸವನಹುಳುಗಳು, ಇನ್ನೂ ಕೆಳಗೆ ಕಲ್ಲಿಗೆ ಕಚ್ಚಿದ ಚೂಪು ಚಿಪ್ಪುಗಳ ಪಟ್ಟಿ, ತಳದಲ್ಲಿ ಪಾಚಿ. ಎಷ್ಟು ಹೊತ್ತು ನೀರಿನೊಳಗೆ, ಎಷ್ಟು ಹೊತ್ತು ಬಿಸಿಲಿನಲ್ಲಿ ಇರಬಲ್ಲೆ ಎಂಬ ಲೆಕ್ಕದ ಮೇಲೆ ಪ್ರತಿ ಜೀವಿಯೂ ತನ್ನ ಎತ್ತರವನ್ನು ಆರಿಸಿಕೊಂಡಿದೆ. ಒಡ್ಡು ಕಟ್ಟಿದವರೂ ಇದೇ ಲೆಕ್ಕ ಹಾಕಿದ್ದರು: ವರ್ಷದ ಅತಿ ಎತ್ತರದ ಉಬ್ಬರ ಎಲ್ಲಿಗೆ ಮುಟ್ಟುತ್ತದೆ, ಅದಕ್ಕಿಂತ ಎಷ್ಟು ಮೇಲೆ ಮಣ್ಣು ಬೇಕು. ಕಡಲನ್ನು ಪೂರ್ತಿ ಹೊರಗಿಡುವ ಹುಂಬತನ ಅವರಿಗಿರಲಿಲ್ಲ, ಅದಕ್ಕೆ ವೇಳಾಪಟ್ಟಿ ಹಾಕಿಕೊಟ್ಟರು.

ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪನ್ನು ತಾಳುವ ಭತ್ತವೂ, ಅದನ್ನು ಬೆಳೆಯಬಲ್ಲ ಜನರೂ ಹಳೆಯ ನೆನಪಲ್ಲ, ಮುಂದಿನ ಅಗತ್ಯ. ಬೀಜವನ್ನು ಸಂಶೋಧನಾಲಯದ ತಂಪು ಕೋಣೆಯಲ್ಲಿ ಕಾಪಾಡಬಹುದು. ಬಾಗಿಲು ಯಾವ ದಿನ ತೆರೆಯಬೇಕು, ಯಾವ ಮಳೆಗೆ ಉಪ್ಪು ತೊಳೆದುಹೋಯಿತು ಎಂಬ ತಿಳಿವಳಿಕೆಯನ್ನು ಹಾಗೆ ಇಡಲಾಗದು. ಅದು ಗಜನಿಯ ಕೆಲವು ಊರುಗಳಲ್ಲಿ, ಕೆಲವರ ಬಾಯಲ್ಲಿ ಇನ್ನೂ ಇದೆ. ಚರಿತ್ರೆ ಓದುವ ವಿದ್ಯಾರ್ಥಿಗಳು ಮಿರ್ಜಾನ ಕೋಟೆ ನೋಡಿದ ಮಧ್ಯಾಹ್ನ ಗದ್ದೆಯ ಕಡೆ ಇಳಿದು, ಒಂದು ನೋಟ್‌ಬುಕ್ ಹಿಡಿದು ಆ ಹಿರಿಯರ ಪಕ್ಕ ಕೂರಲಿ. ಕೋಟೆ ನಾಳೆಯೂ ಅಲ್ಲಿರುತ್ತದೆ.