ಬೀಗ ಬಿದ್ದ ಮನೆಯ ಹೊಣೆ

ಕೊಪ್ಪ ತಾಲ್ಲೂಕಿನ ನಾರ್ವೆಯಂಥ ಮಲೆನಾಡಿನ ಊರಿನಲ್ಲಿ, ಸಾಲಕ್ಕೆ ಜಪ್ತಿಯಾದ ಮನೆಯನ್ನು ಗುಡಿಸಿ ಒಪ್ಪ ಮಾಡುವವರಿಗೆ ಕೆಲಸ ಕೊಡುವವರು ಯಾರು? ಕಾನೂನಿನ ಚರಿತ್ರೆಯೇ ಉತ್ತರ ಹೇಳುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಡಿ, ನ್ಯಾಯಾಲಯ ರಿಸೀವರನ್ನು ನೇಮಿಸಿದರೆ ಆಸ್ತಿ ಕಾಯುವ ಹೊಣೆ ಅವನದು. ಬ್ಯಾಂಕ್ ಸಾಲದ ವಸೂಲಿಗೆಂದು ಬಂದ 2002ರ ಸರ್ಫೇಸಿ ಕಾಯ್ದೆಯ ನಿಯಮಗಳು ಸ್ವಾಧೀನಕ್ಕೆ ಬಂದ ಆಸ್ತಿಯ ರಕ್ಷಣೆಯನ್ನು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಒಪ್ಪಿಸಿದವು. ಹಾಗಾಗಿ ಬ್ಯಾಂಕ್ ಸ್ವಾಧೀನಪಡಿಸಿಕೊಂಡ ಮನೆಗೆ ಮೊದಲ ಗಿರಾಕಿ ಹರಾಜಿನಲ್ಲಿ ಕೊಂಡವನಲ್ಲ, ಬ್ಯಾಂಕೇ. ಕೃಷಿಭೂಮಿಯನ್ನು ಸರ್ಫೇಸಿ ಕಾಯ್ದೆಯ 31ನೇ ಕಲಂ ಹೊರಗಿಟ್ಟಿದೆಯಲ್ಲ ಎನ್ನಬಹುದು. ನಿಜ, ಆದರೆ ಅಡವಿಟ್ಟ ಮನೆ, ಮಳಿಗೆಗಳಿಗೆ ಆ ಆಸರೆಯಿಲ್ಲ. ಅವಕ್ಕೆ ಪಾಚಿ, ಗೆದ್ದಲು ಹತ್ತಲು ಇಲ್ಲಿನ ಒಂದು ಮಳೆಗಾಲ ಸಾಕು.

ಪರರ ಸಂಕಟದಲ್ಲಿ ದುಡಿಮೆಯೇ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಅದೇ ಕಾಯ್ದೆಯ 13ನೇ ಕಲಂ ಪ್ರಕಾರ ಇಂಥ ಖರ್ಚು ಸಾಲಗಾರನ ತಲೆಗೇ ಬರುತ್ತದೆ. ಬಾಕಿ ತೀರಿ ಉಳಿದ ಹಣವೂ ಹಕ್ಕುದಾರನಿಗೇ ಸೇರಬೇಕು. ಚೊಕ್ಕಟವಾದ ಮನೆಗೆ ಒಳ್ಳೆಯ ಬೆಲೆ ಬಂದರೆ ಅವನಿಗೂ ಲಾಭ. ಆದ್ದರಿಂದ ಈ ಕಸುಬಿಗಿಳಿಯುವವರು ಬಿಲ್ಲನ್ನು ಪ್ರಾಮಾಣಿಕವಾಗಿ ಬರೆಯಲಿ.