ಟ್ರೇಲರಿಗೆ ಎರಡು ನಂಬರು, ಹರಿಗೋಲಿಗೆ ಒಂದೂ ಇಲ್ಲ

ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿ ರಸ್ತೆಯ ಬದಿಗೆ ಸ್ವಲ್ಪ ಹೊತ್ತು ನಿಂತು ನೋಡಿ. ಟ್ರೇಲರಿನ ಪಕ್ಕದಲ್ಲಿ ಒಂದು ನಂಬರು, ಹಿಂದೆ ಬೇರೆ ನಂಬರು. ಬರೆಸಿದ್ದರೆ ಆಯಿತು, ಎಷ್ಟೋ ಟ್ರೇಲರುಗಳ ಮೇಲೆ ದೇವರ ಹೆಸರು ಮಾತ್ರ ಇರುತ್ತದೆ. ಆ ಎರಡು ನಂಬರು ಪೇಂಟರ್ ಮಾಡಿದ ತಪ್ಪಲ್ಲ. ಪಕ್ಕದ್ದು ಟ್ರೇಲರಿನ ಸ್ವಂತ ನಂಬರು, ಹಿಂದಿನದು ಅದನ್ನು ಎಳೆಯುವ ಟ್ರ್ಯಾಕ್ಟರಿನದು. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಂ ಹಾಗೆ ಹೇಳುತ್ತದೆ.

ನಾವು ಟ್ರೇಲರನ್ನು ಟ್ರ್ಯಾಕ್ಟರಿನ ಬಾಲ ಅಂದುಕೊಂಡಿದ್ದೇವೆ. ಕಾನೂನು ಹಾಗೆ ಅಂದುಕೊಂಡಿಲ್ಲ. ಇಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ, ಆದರೂ 1939ರ ಕಾಯ್ದೆಯಲ್ಲೇ 'ಮೋಟಾರು ವಾಹನ' ಎಂಬ ಮಾತಿನೊಳಗೆ ಟ್ರೇಲರನ್ನೂ ಸೇರಿಸಿದ್ದರು. ಹಾಗಾಗಿ ಅದಕ್ಕೆ ಬೇರೆ ಆರ್‌ಸಿ. ನಮ್ಮಲ್ಲಿ ಹಳೆ ಗಾಡಿಗಳ ಮೇಲೆ 'ಎಂವೈ' ಅಕ್ಷರಗಳಿದ್ದ ಕಾಲ ಮೈಸೂರು ರಾಜ್ಯದ್ದು. ಆಮೇಲೆ 'ಸಿ' ಬಂತು, 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಯಾದ ಮೇಲೆ 'ಕೆಎ' ಬಂತು. ಅಕ್ಷರ ಬದಲಾದರೂ ಟ್ರೇಲರಿಗೆ ಬೇರೆ ದಾಖಲೆ ಬೇಕೆಂಬ ನಿಯಮ ಬದಲಾಗಲಿಲ್ಲ.

ಆರ್‌ಸಿ ಎಂದರೆ ಜಮೀನಿನ ಪತ್ರದಂಥದ್ದೇ? ಪೂರ್ತಿ ಅಲ್ಲ. ಗಾಡಿ ಕೊಂಡದ್ದಕ್ಕೆ ವ್ಯವಹಾರ, ಹಣ, ರಸೀದಿ ಬೇರೆ ಇರುತ್ತದೆ. ಆದರೆ ಅಪಘಾತವಾದಾಗ ಕೋರ್ಟು ಮೊದಲು ನೋಡುವುದು ರಿಜಿಸ್ಟರಿನಲ್ಲಿ ಯಾರ ಹೆಸರಿದೆ ಎಂದು. ಊರಲ್ಲಿ ಏನಾಗುತ್ತದೆ? ಟ್ರ್ಯಾಕ್ಟರ್ ಮಾರುತ್ತಾರೆ, ಛಾಪಾ ಕಾಗದದ ಮೇಲೆ ಸಹಿ ಹಾಕುತ್ತಾರೆ, ಚಹಾ ಕುಡಿದು ಕೀಲಿ ಕೊಡುತ್ತಾರೆ. ಆರ್‌ಟಿಓ ಆಫೀಸಿಗೆ ಯಾರೂ ಹೋಗುವುದಿಲ್ಲ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಸರಿ, ರಿಜಿಸ್ಟರಿನಲ್ಲಿ ಹೆಸರು ಇರುವವನೇ ಮಾಲೀಕ, ಪರಿಹಾರದ ಹೊಣೆ ಅವನದು. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕು ಎಂದು 50ನೇ ಕಲಂನಲ್ಲಿದೆ. ಗಾಡಿ ನಮ್ಮದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಈ ಲೆಕ್ಕ. ಟ್ರೇಲರಿಗೂ ಇದೇ ಲೆಕ್ಕ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ನೀರಿನ ಮೇಲಿನ ಕಥೆ ಬೇರೆ. ಅಲ್ಲಿ ಸರ್ಕಾರ ಮೊದಲು ಕಣ್ಣು ಹಾಕಿದ್ದು ದೋಣಿಯ ಮೇಲಲ್ಲ, ಕಡವಿನ ಮೇಲೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಮುಂಬಯಿಯಲ್ಲಿ 1868ರ ಕಡವು ಕಾಯ್ದೆ, ಮದ್ರಾಸಿನಲ್ಲಿ 1890ರ ಕಾಯ್ದೆ. ಯಾವ ಕಡವು ಸರ್ಕಾರದ್ದು, ದಾಟಿಸಲು ಎಷ್ಟು ಸುಂಕ, ಗುತ್ತಿಗೆ ಯಾರಿಗೆ ಎಂಬುದೇ ಇವುಗಳ ಮುಖ್ಯ ಚಿಂತೆ. ಒಂದೇ ಭಾಷೆ ಆಡುವ ಅಂಬಿಗರಿಗೆ ಎರಡು ಪ್ರಾಂತ್ಯದ ಎರಡು ಕಾನೂನು.

1917ರಲ್ಲಿ ಒಳನಾಡಿನ ಹಬೆ ದೋಣಿಗಳ ಕಾಯ್ದೆ ಬಂತು. ಇಂಜಿನ್ ಇರುವ ದೋಣಿಗೆ ತಪಾಸಣೆ, ನೋಂದಣಿ, ಸರ್ಟಿಫಿಕೇಟು. ಹುಟ್ಟು ಹಾಕಿ ನಡೆಸುವ ದೋಣಿ ಅದರ ಲೆಕ್ಕದಲ್ಲೇ ಇಲ್ಲ. ಸಮುದ್ರದ ಹಡಗುಗಳಿಗೆ 1958ರ ಕಾಯ್ದೆ ಬಂದಾಗ ಇನ್ನೊಂದು ಕುತೂಹಲದ ನಿಯಮ ಸೇರಿತು. ಒಂದು ಹಡಗಿನ ಒಡೆತನವನ್ನು 10 ಪಾಲು ಮಾಡಿ ಬರೆಯಬೇಕು. ಬ್ರಿಟಿಷರ ಕಾನೂನಿನಲ್ಲಿ ಅದು 64 ಪಾಲು. ನಮ್ಮ ಹೊಲದ ಪಾಲುಪಟ್ಟಿಯಂತೆ ಹಡಗಿಗೂ ಪಾಲುದಾರರು, ಅದರ ಮೇಲೆ ಸಾಲ ಎತ್ತಿದರೆ ಆ ಅಡಮಾನವೂ ಅದೇ ರಿಜಿಸ್ಟರಿನಲ್ಲಿ.

ಮೀನುಗಾರರ ಬೋಟುಗಳಿಗೆ ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ಕಾಯ್ದೆಯಡಿ ಲೈಸೆನ್ಸ್ ಇತ್ತು. ಆದರೆ ದೇಶಕ್ಕೆಲ್ಲ ಒಂದೇ ರೀತಿಯ ನೋಂದಣಿ ಗಟ್ಟಿಯಾದದ್ದು ಒಂದು ರಾತ್ರಿಯ ನಂತರ. 2008ರ ನವೆಂಬರ್ 26ರಂದು ಮುಂಬಯಿಗೆ ಬಂದ ಉಗ್ರರು ಪೋರಬಂದರದ 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ, ಅದರಲ್ಲಿದ್ದವರನ್ನು ಕೊಂದು, ಅದೇ ಬೋಟಿನಲ್ಲಿ ಬಂದಿದ್ದರು. 2009ರಿಂದ ಏಕರೂಪದ ನೋಂದಣಿ, ಆನ್‌ಲೈನ್ ದಾಖಲೆ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಗುರುತಿನ ಚೀಟಿ. ಬೋಟಿನ ಮೇಲೆ 'ಐಎನ್‌ಡಿ', ಆಮೇಲೆ 'ಕೆಎ', ಆಮೇಲೆ ಉಳಿದ ಅಂಕಿಗಳು. ಮೊದಲು ಇದು ಬಂದರಿನ ಜನರಿಗೆ ಪೊಲೀಸ್ ಕೆಲಸದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕರರಹಿತ ಡೀಸೆಲ್ ಬೇಕೆಂದರೂ ಕಾಗದ ಅದೇ ಬೇಕು.

ಆ ಕಾಗದ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದು ಮಲ್ಪೆಗೆ ಗೊತ್ತು. 2018ರ ಡಿಸೆಂಬರ್‌ನಲ್ಲಿ 7 ಮಂದಿಯನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಬೋಟು ವಾಪಸ್ ಬರಲಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ 'ಐಎನ್‌ಎಸ್ ನಿರೀಕ್ಷಕ್' ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದ ತಳದಲ್ಲಿ ಅವಶೇಷ ಕಂಡಿತು. ಬೋಟು ಯಾವುದು, ಯಾರದು ಎಂದು ಹೇಳಲು ದಾಖಲೆ ಇರುತ್ತದೆ. ಆದರೆ ಅದರಲ್ಲಿ ದುಡಿಯಲು ಹೋದವನ ಹೆಸರು ಬೋಟಿನ ಆರ್‌ಸಿಯಲ್ಲಿ ಇರುವುದಿಲ್ಲ. ಶವ ಸಿಗದೆ ಹೋದರೆ, 7 ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಭಾವಿಸಬಹುದು ಎನ್ನುವ ಸಾಕ್ಷ್ಯ ಕಾನೂನು ಒಂದಿದೆ. 7 ವರ್ಷ ಎಂದರೆ ಒಂದನೇ ಕ್ಲಾಸಿನ ಮಗು ಹೈಸ್ಕೂಲು ಮೆಟ್ಟಿಲು ಹತ್ತುವಷ್ಟು ಕಾಲ.

ಇನ್ನು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ತುಂಗಭದ್ರೆಯನ್ನು ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ಜನ ದಾಟುತ್ತಿದ್ದುದನ್ನು ಬರೆದಿದ್ದಾನೆ. ಹೊರಗೆ ಚರ್ಮದ ಹೊದಿಕೆ, ಒಳಗೆ ಹದಿನೈದು ಇಪ್ಪತ್ತು ಜನ. ಪೇಸನ ಪುಸ್ತಕದಲ್ಲಿ ಜಾಗ ಪಡೆದ ಈ ದೋಣಿ 1917ರ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ. 104 ವರ್ಷಗಳ ಬಳಿಕ, 2021ರ ಒಳನಾಡು ಜಲಯಾನ ಕಾಯ್ದೆಯಲ್ಲಿ ಇಂಜಿನ್ ಇಲ್ಲದ ದೋಣಿಗಳಿಗೂ ಒಂದು ಅಧ್ಯಾಯ ಬಂದಿದೆ. ಅವುಗಳ ಲೆಕ್ಕ ಇಡುವ ಕೆಲಸವನ್ನು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬಹುದು. ಹಾಗಾಗಿ ನಿಮ್ಮೂರಿನ ಹೊಳೆಯಲ್ಲಿ ಹರಿಗೋಲು ನಡೆಯುತ್ತಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಪಿಡಿಓ ಅವರನ್ನು ಕೇಳಿ: ನಮ್ಮ ಅಂಬಿಗರ ದೋಣಿ ಯಾವ ಪುಸ್ತಕದಲ್ಲಿದೆ ಸಾರ್?